ಮುಂಬೈ ಮಾಟುಂಗಾದ ಹಾಲ್‌ನಲ್ಲಿ ಮೂರು ವಾಲ್ವ್ ಆಂಪ್ಲಿಫೈಯರ್

ನಮ್ಮ ಹಾಲ್ 10 ಅಡಿ ಅಗಲ, 14 ಅಡಿ ಉದ್ದ. ಸ್ಪೀಕರ್ ಚಿಕ್ಕವು, ಕಪಾಟಿನ ಮೇಲೆ ಕೂರುವಂಥವು. ಒಂದು ವ್ಯಾಟ್‌ಗೆ 88 ಡೆಸಿಬೆಲ್ ಸದ್ದು, ತಡೆ (ಇಂಪಿಡೆನ್ಸ್) 6 ಓಮ್. ಕೇಳುವುದು ಜಾಸ್ತಿ ಹಿಂದೂಸ್ತಾನಿ ಗಾಯನ, ಅದರಲ್ಲೂ ಅಪ್ಪ ಬಿಟ್ಟುಹೋದ ಮಲ್ಲಿಕಾರ್ಜುನ ಮನ್ಸೂರರ ಎಲ್‌ಪಿಗಳು. ಮೂರು ವಾಲ್ವ್ ಆಂಪ್ಲಿಫೈಯರ್‌ಗಳನ್ನು (ಟ್ರಾನ್ಸಿಸ್ಟರ್ ಬದಲು ಗಾಜಿನ ವಾಲ್ವ್‌ಗಳಿಂದ ದನಿ ಹೆಚ್ಚಿಸುವಂಥವು) ಒಂದೊಂದೂ ಹತ್ತು ದಿನ ಮನೆಯಲ್ಲಿಟ್ಟು ಕೇಳಿದೆ. ರೆಕಾರ್ಡು ಅದೇ, ಕುರ್ಚಿಯೂ ಅದೇ.

ಮೊದಲು ಬಂದದ್ದು ಗೆಳೆಯನ ಇಎಲ್ 84 ವಾಲ್ವ್‌ನ ಆಂಪ್ಲಿಫೈಯರ್, ಪುಶ್-ಪುಲ್ (ಒಂದೊಂದು ಕಡೆಗೆ ಎರಡು ವಾಲ್ವ್ ಜೋಡಿಯಾಗಿ ಕೆಲಸ ಮಾಡುವ ಬಗೆ), 12 ವ್ಯಾಟ್. ಅಪ್ಪನ ಕಾಲದ ಎಷ್ಟೋ ವಾಲ್ವ್ ರೇಡಿಯೊಗಳಲ್ಲಿ ಇದ್ದದ್ದು ಇದೇ ವಾಲ್ವ್. ಬಯಾಸ್, ಅಂದರೆ ಹಾಡಿಲ್ಲದಾಗಲೂ ವಾಲ್ವ್‌ನಲ್ಲಿ ಹರಿಯುವ ಕರೆಂಟಿನ ಹೊಂದಿಕೆಯನ್ನು ಈ ಆಂಪ್ಲಿಫೈಯರ್ ತಾನೇ ಸರಿಮಾಡಿಕೊಳ್ಳುತ್ತದೆ, ಬಿಸಿಯೂ ಕಡಿಮೆ. ಮಧ್ಯಲಯದ ಖಯಾಲ್ ಚುರುಕಾಗಿ, ಲವಲವಿಕೆಯಿಂದ ಬಂತು. ಆದರೆ ತಾರ ಷಡ್ಜದಲ್ಲಿ ಹಾರ್ಮೋನಿಯಂ ದನಿ ಸ್ವಲ್ಪ ಚುಚ್ಚುತ್ತಿತ್ತು. ಮೊದಲ ಸಲ ವಾಲ್ವ್ ಕೊಳ್ಳುವವರಿಗೆ ಧೈರ್ಯವಾಗಿ ಹೇಳಬಹುದು.

ಆಮೇಲೆ ಡೊಂಬಿವಲಿಯಿಂದ ಭಾವ ತಂದುಕೊಟ್ಟ 300ಬಿ. ವೆಸ್ಟರ್ನ್ ಎಲೆಕ್ಟ್ರಿಕ್ ಕಂಪನಿ 1938ರಲ್ಲಿ ತಂದ ವಾಲ್ವ್ ಇದು. ಎಡ, ಬಲ ಒಂದೊಂದು ಕಡೆಗೆ ಒಂದೇ ಪವರ್ ವಾಲ್ವ್, 8 ವ್ಯಾಟ್ ಅಷ್ಟೇ. ಮೊದಲ ರಾತ್ರಿ ನಾನು ಏಳಲೇ ಇಲ್ಲ. ವೇಗದ ಸ್ವರಸಾಲಾದ ತಾನ್‌ಗೆ ಮುಂಚೆ ಮನ್ಸೂರರು ಉಸಿರೆಳೆದುಕೊಳ್ಳುವುದು, ತಂಬೂರಿಯ ಝೇಂಕಾರ (ಜವಾರಿ) ಒಂದು ತಂತಿಯಿಂದ ಇನ್ನೊಂದಕ್ಕೆ ಹರಿಯುವುದು, ಎಲ್ಲ ಪಕ್ಕದಲ್ಲೇ ಕೂತು ಕೇಳಿದ ಹಾಗೆ. ಕಂಠಕ್ಕೆ ಇದಕ್ಕಿಂತ ಚೆನ್ನಾದದ್ದನ್ನು ನಾನು ಕೇಳಿಲ್ಲ.

ತೊಡಕು ಬಂದದ್ದು ತಬಲದಲ್ಲಿ. ವೇಗದ ಲಯದ ದ್ರುತ್ ಶುರುವಾಯಿತು ಅಂದರೆ ಡಗ್ಗಾ, ಅಂದರೆ ಜೋಡಿಯಲ್ಲಿ ಮಂದ್ರ ದನಿಯದು, ಸಡಿಲ. ‘ಘೇ’ ಎಂದು ಹೊಡೆದು ಅಂಗೈ ಒತ್ತಿ ಜಾರಿಸುವಾಗ ದನಿ ಬಾಗಬೇಕು, ಅಲ್ವಾ? ಇಲ್ಲಿ ಬಾಗುವ ಬದಲು ಕಲಸಿಹೋಗುತ್ತಿತ್ತು. ಈ ಆಂಪ್ಲಿಫೈಯರ್‌ನಲ್ಲಿ ಫೀಡ್‌ಬ್ಯಾಕ್ (ಹೊರಹೋಗುವ ಸಿಗ್ನಲ್‌ನಲ್ಲಿ ಒಂದಿಷ್ಟನ್ನು ವಾಪಸ್ ತಂದು ತಪ್ಪು ತಿದ್ದುವ ಏರ್ಪಾಡು) ಇಲ್ಲ, ಹಾಗಾಗಿ ಸ್ಪೀಕರ್ ಕೋನ್ ಮೇಲೆ ಅದರ ಹಿಡಿತ ಕಡಿಮೆ. ಆಂಪ್ಲಿಫೈಯರ್ ಹಿಂದಿನ 8 ಓಮ್ ಟರ್ಮಿನಲ್‌ನಿಂದ ಸ್ಪೀಕರ್ ತಂತಿ ಬಿಚ್ಚಿ 4 ಓಮ್‌ನದಕ್ಕೆ ಹಾಕಿದೆ. ಸ್ವಲ್ಪ ಬಿಗಿಯಾಯಿತು, ಪೂರ್ತಿ ಅಲ್ಲ. ರಾತ್ರಿ ಲೋಕಲ್ ಟ್ರೇನ್ ಸದ್ದು ನಿಂತ ಮೇಲೆ ಸಣ್ಣ ಗುಂಯ್ ಸದ್ದೂ ಕೇಳುತ್ತಿತ್ತು.

ಕೊನೆಯದು ಸೆಕೆಂಡ್ ಹ್ಯಾಂಡ್ ಇಎಲ್ 34, ಪುಶ್-ಪುಲ್, 35 ವ್ಯಾಟ್. 8ರಿಂದ 35ಕ್ಕೆ ಹೋದರೆ ನಾಲ್ಕು ಪಟ್ಟು ಜೋರು ಅಂತ ಸುಮಾರು ಜನ ಅಂದುಕೊಳ್ಳುತ್ತಾರೆ. ಹಾಗಲ್ಲ, ಏರುವುದು 6 ಡೆಸಿಬೆಲ್‌ಗಿಂತ ಸ್ವಲ್ಪ ಹೆಚ್ಚು, ಅಷ್ಟೇ. ಆದರೆ ಆ 6 ಡೆಸಿಬೆಲ್ ನನಗೆ ಬೇಕಾಗಿದ್ದ ಜಾಗದಲ್ಲೇ ಸಿಕ್ಕಿತು. ಡಗ್ಗಾ ದುಂಡಗೆ, ಬಿಗಿಯಾಗಿ ಬಂತು. ಕಂಠ 300ಬಿಯಷ್ಟು ಹತ್ತಿರ ಬರಲಿಲ್ಲ, ಒಂದು ಸಾಲು ಹಿಂದೆ ಕೂತು ಕೇಳಿದ ಹಾಗೆ. ಆದರೂ ಹಿತ.

ಇದಕ್ಕೆ ಕೆಲಸ ಜಾಸ್ತಿ. ಮಲ್ಟಿಮೀಟರ್ ಹಿಡಿದು ನಾಲ್ಕೂ ವಾಲ್ವ್‌ಗಳ ಬಯಾಸ್ ನೋಡಬೇಕು. ಲ್ಯಾಮಿಂಗ್ಟನ್ ರೋಡಿನ ಒಂದು ಅಂಗಡಿಯಲ್ಲಿ ‘ಮ್ಯಾಚ್ ಮಾಡಿದ್ದು’ ಅಂತ ಕೊಟ್ಟ ನಾಲ್ಕರಲ್ಲಿ ಒಂದರ ಕರೆಂಟು, ಬಯಾಸ್ ಸ್ಕ್ರೂ ಎಷ್ಟು ತಿರುಗಿಸಿದರೂ ಇಳಿಯಲೇ ಇಲ್ಲ. ದೀಪ ಆರಿಸಿ ನೋಡಿದರೆ ಅದರ ಒಳಗಿನ ಬೂದು ತಗಡು ಕೆಂಪಗೆ ಕಾದಿತ್ತು, ಇಸ್ತ್ರಿಪೆಟ್ಟಿಗೆಯ ಕೆಂಡದ ಹಾಗೆ. ತಕ್ಷಣ ಸ್ವಿಚ್ ಆಫ್ ಮಾಡಿದೆ. ಹೀಗಾದರೆ ಒಂದು ನಿಮಿಷವೂ ಕಾಯಬೇಡಿ, ಟ್ರಾನ್ಸ್‌ಫಾರ್ಮರೇ ಸುಟ್ಟೀತು. ಸ್ಪೀಕರ್ ತಂತಿ ಜೋಡಿಸದೆ ಯಾವ ವಾಲ್ವ್ ಆಂಪ್ಲಿಫೈಯರನ್ನೂ ಆನ್ ಮಾಡಬೇಡಿ. ಮುಂಬೈ ಮೇ ತಿಂಗಳಲ್ಲಿ ಮೇಲ್ಗಡೆ ಒಂದಡಿಯಾದರೂ ಗಾಳಿಗೆ ಜಾಗ ಬಿಡಿ.

300ಬಿ ವಾಪಸ್ ಕೊಡಲು ಡೊಂಬಿವಲಿಗೆ ಹೋದಾಗ ಭಾವನ ಹಾರ್ನ್ ಸ್ಪೀಕರ್‌ಗೆ ಜೋಡಿಸಿ ಅದೇ ರೆಕಾರ್ಡು ಹಾಕಿದೆವು. ಅವು ಒಂದು ವ್ಯಾಟ್‌ಗೆ 98 ಡೆಸಿಬೆಲ್ ಕೊಡುವಂಥವು, ಒಂದೆರಡು ವ್ಯಾಟ್‌ಗೇ ಮನೆ ತುಂಬುತ್ತವೆ. ಅಲ್ಲಿ ಡಗ್ಗಾ ಒಂದಿಷ್ಟೂ ಕಲಸಲಿಲ್ಲ. ನಮ್ಮ ಹಾಲ್‌ನಲ್ಲಿ ಅವನ್ನಿಟ್ಟರೆ ಬಾಗಿಲು ತೆಗೆಯಲು ಆಗುವುದಿಲ್ಲ. ಮರುದಿನ ಇಎಲ್ 34ಕ್ಕೆ ದುಡ್ಡು ಕೊಟ್ಟೆ.