ಶಾಲೆಗೆ ನಡೆದು ಹೋಗಲು ಮೂರು ದಾರಿ: ಯಾವುದು ಒಗ್ಗಿತು?

ನಮ್ಮ ಮನೆಯಿಂದ ಶಾಲೆಗೆ ನೆಟ್ಟಗೆ ಹೋದರೆ ಒಂದು ಕಿಲೋಮೀಟರಿಗಿಂತ ಸ್ವಲ್ಪ ಜಾಸ್ತಿ. ಇಷ್ಟು ದೂರಕ್ಕೆ ದಿನಾ ಕಾರು ಯಾಕೆ ಅಂತ ಮೂರನೇ ತರಗತಿಯ ಮಗಳನ್ನು ನಡೆಸಿಕೊಂಡು ಹೋಗಲು ಶುರು ಮಾಡಿದೆವು. ಇದ್ದ ಆಯ್ಕೆ ಮೂರು: ಮುಖ್ಯ ರಸ್ತೆಯ ಫುಟ್‌ಪಾತ್, ಹಿಂದಿನ ಗಲ್ಲಿಗಳ ಒಳದಾರಿ, ಇಲ್ಲವೇ ಮುಕ್ಕಾಲು ದಾರಿ ಕಾರಿನಲ್ಲಿ ಹೋಗಿ ಉಳಿದದ್ದನ್ನು ನಡೆಯುವುದು. ಮೂರನ್ನೂ ಬಿಸಿಲಲ್ಲೂ ಮಳೆಯಲ್ಲೂ ಬಳಸಿ ನೋಡಿದ್ದೇವೆ.

ಫೋನಿನ ಮ್ಯಾಪ್ ಕೇಳಿದರೆ ಮುಖ್ಯ ರಸ್ತೆಯೇ ಸರಿ ಅನ್ನುತ್ತದೆ. ಅದಕ್ಕೆ ಗೊತ್ತಿರುವುದು ದೂರ ಮತ್ತು ಸಮಯ. ಒಂದು ಜಾಗದಿಂದ ನಡೆದು ಓಡಾಡುವುದು ಎಷ್ಟು ಸುಲಭ ಅಂತ ಅಂಕ ಕೊಡುವ, 2007ರಲ್ಲಿ ಬಂದ ವಾಕ್ ಸ್ಕೋರ್ ಅನ್ನುವ ವೆಬ್‌ಸೈಟ್ ಕೂಡ ಹೆಚ್ಚುಕಡಿಮೆ ಹೀಗೇ. ಅಂಗಡಿ, ಶಾಲೆ, ಪಾರ್ಕು ಐದು ನಿಮಿಷದ ನಡಿಗೆಯೊಳಗೆ ಇದ್ದರೆ ಪೂರ್ತಿ ಅಂಕ, ಅರ್ಧ ಗಂಟೆ ದಾಟಿದರೆ ಸೊನ್ನೆ. ಫುಟ್‌ಪಾತಿನ ಕಲ್ಲು ಅಲುಗಾಡುತ್ತಾ, ರಸ್ತೆ ದಾಟಲು ಪುರುಸೊತ್ತು ಸಿಗುತ್ತಾ ಅನ್ನುವುದು ಆ ಅಂಕದಲ್ಲಿ ಕಾಣುವುದಿಲ್ಲ. ಮನೆ ಹುಡುಕುವ ದೊಡ್ಡವರಿಗೆ ಅದು ಸಾಕು. ಮಗುವನ್ನು ಕಳಿಸುವವರಿಗೆ ಸಾಲದು.

ಮೊದಲು ಮುಖ್ಯ ರಸ್ತೆ. ಇದರ ಹೆಚ್ಚುಗಾರಿಕೆಯನ್ನು ಒಪ್ಪಲೇಬೇಕು: ದಾರಿ ನೆಟ್ಟಗಿದೆ, ಬೀದಿ ದೀಪ ಇದೆ, ಜನ ಓಡಾಡುತ್ತಾರೆ, ನಡುವೆ ಒಂದು ಸಿಗ್ನಲ್ ಇದೆ. ಕಾಗದದ ಮೇಲೆ ಫುಟ್‌ಪಾತೂ ಇದೆ. ನಡೆಯಲು ಹೋದರೆ ಗೊತ್ತಾಗುತ್ತದೆ, ಅದು ತುಂಡು ತುಂಡು. ಒಂದು ಕಡೆ ಕರೆಂಟಿನ ಡಬ್ಬ, ಇನ್ನೊಂದು ಕಡೆ ಸಾಲಾಗಿ ನಿಂತ ಬೈಕುಗಳು, ಮುಂದೆ ಯಾರದೋ ಮನೆ ಕಟ್ಟುವ ಮರಳು. ಪ್ರತಿ ಸಲವೂ ರಸ್ತೆಗೆ ಇಳಿಯಬೇಕು, ಮತ್ತೆ ಹತ್ತಬೇಕು. ನಮ್ಮ ಬದಿಯಲ್ಲಿ ಗಾಡಿಗಳು ಬೆನ್ನ ಹಿಂದಿನಿಂದ ಬರುತ್ತವೆ, ಹಾಗಾಗಿ ಇಳಿಯುವಾಗ ಏನು ಬರುತ್ತಿದೆ ಅಂತ ಕಾಣುವುದೇ ಇಲ್ಲ. ಫುಟ್‌ಪಾತ್ ಪೂರ್ತಿ ಇಲ್ಲದ ರಸ್ತೆಯಲ್ಲಿ ಎದುರಿನಿಂದ ಗಾಡಿ ಬರುವ ಬದಿಯಲ್ಲೇ ನಡೆಯಿರಿ ಅಂತ ಹೇಳುವುದು ಇದಕ್ಕೇ. ಅರ್ಧಂಬರ್ಧ ಫುಟ್‌ಪಾತ್ ಇದ್ದರೆ ಆ ಬುದ್ಧಿಯೂ ಕೈಕೊಡುತ್ತದೆ.

ಒಂದು ದಿನ ಎರಡು ಕಾರುಗಳ ನಡುವಿನ ಸಂದಿಯಲ್ಲಿ ದಾಟಲು ನಿಂತಿದ್ದೆವು. ಮಗಳು ಮುಂದೆ ಬಗ್ಗಿ ಬಗ್ಗಿ ನೋಡುತ್ತಿದ್ದಳು. ಯಾಕೆ ಹೀಗೆ ಅಂತ ನಾನೂ ಅವಳ ಎತ್ತರಕ್ಕೆ ಕುಕ್ಕರಗಾಲಲ್ಲಿ ಕೂತೆ. ಕಂಡದ್ದು ಒಂದು ಹೆಡ್‌ಲೈಟು, ಅದರ ಮೇಲೆ ಬಾನೆಟ್ಟಿನ ಅಂಚು, ಅಷ್ಟೇ. ರಸ್ತೆ ಕಾಣಬೇಕಾದರೆ ಅವಳು ಕಾರಿನ ಅಂಚು ದಾಟಿ ಒಂದು ಹೆಜ್ಜೆ ಹೊರಗೆ ಇಡಲೇಬೇಕು. ಅವಳಿಗೆ ರಸ್ತೆ ಕಾಣುವ ಹೊತ್ತಿಗೆ ಅವಳು ರಸ್ತೆಯಲ್ಲೇ ಇರುತ್ತಾಳೆ. ಡ್ರೈವರಿಗೂ ಅವಳು ಕಾಣುವುದು ಆವಾಗಲೇ.

ಇನ್ನು ವೇಗ. ಬ್ರಿಟನ್ನಿನ ರಸ್ತೆ ನಿಯಮಗಳ ಪುಸ್ತಕ ಹೈವೇ ಕೋಡ್ ಪ್ರಕಾರ ಗಂಟೆಗೆ 32 ಕಿ.ಮೀ. ವೇಗದ ಕಾರು ನಿಲ್ಲಲು ಸುಮಾರು 12 ಮೀಟರ್ ಬೇಕು, 48 ಕಿ.ಮೀ. ಆದರೆ 23 ಮೀಟರ್. ವೇಗ ಒಂದೂವರೆ ಪಟ್ಟು, ನಿಲ್ಲುವ ದೂರ ಹತ್ತಿರ ಹತ್ತಿರ ಎರಡು ಪಟ್ಟು. ಜನ ಮತ್ತು ಗಾಡಿ ಒಟ್ಟಿಗೆ ಓಡಾಡುವ ಕಡೆ 30 ಕಿ.ಮೀ. ಮಿತಿ ಇರಲಿ ಅಂತ ರಸ್ತೆ ಸುರಕ್ಷತೆ ಬಗ್ಗೆ 2020ರಲ್ಲಿ ಬಂದ ಅಂತರರಾಷ್ಟ್ರೀಯ ಸ್ಟಾಕ್‌ಹೋಮ್ ಘೋಷಣೆ ಹೇಳಿದ್ದು ಸುಮ್ನೆ ಅಲ್ಲ. ನಮ್ಮ ಮುಖ್ಯ ರಸ್ತೆಯಲ್ಲಿ ಬೆಳಗ್ಗೆ ಟ್ರಾಫಿಕ್ ಜಾಮ್ ಆದ ದಿನ ಮಾತ್ರ ಆ ಮಿತಿ ತಾನಾಗಿ ಜಾರಿಗೆ ಬರುತ್ತದೆ!

ಗಲ್ಲಿಗಳ ಒಳದಾರಿ ಸುತ್ತು. ಐದಾರು ನಿಮಿಷ ಜಾಸ್ತಿ ಹಿಡಿಯುತ್ತದೆ. ಫುಟ್‌ಪಾತ್ ಅನ್ನುವುದು ಹೆಸರಿಗೂ ಇಲ್ಲ. ಆದರೂ ನನಗೆ ಇದೇ ಮೇಲು ಅನಿಸಿತು. ರಸ್ತೆ ಕಿರಿದು, ಎರಡು ಹಂಪ್ ಇವೆ, ತಿರುವುಗಳಿವೆ, ಗಾಡಿ ಓಡಿಸುವವರು ಬೇಡ ಅಂದರೂ ನಿಧಾನ ಆಗುತ್ತಾರೆ. ನಡೆಯುವವರು ರಸ್ತೆಯಲ್ಲೇ ಇರುತ್ತಾರೆ ಅಂತ ಅವರಿಗೂ ಗೊತ್ತಿರುತ್ತದೆ. ಮುಖ್ಯ ರಸ್ತೆಯನ್ನು ಒಂದೇ ಒಂದು ಸಲ ದಾಟಬೇಕು, ಅದೂ ಸಿಗ್ನಲ್ಲಿನಲ್ಲಿ. ಮಗಳು ಮಾತಾಡುತ್ತಾಳೆ, ನನಗೆ ಕೇಳಿಸುತ್ತದೆ. ಮುಖ್ಯ ರಸ್ತೆಯಲ್ಲಿ ಹಾರನ್ ನಡುವೆ ಇಬ್ಬರೂ ಕಿರುಚಬೇಕಿತ್ತು.

ತೊಂದರೆ ಇಲ್ಲ ಅಂತಲ್ಲ. ಗೇಟಿನಿಂದ ಹಿಮ್ಮುಖವಾಗಿ ಬರುವ ಕಾರುಗಳು ಇಲ್ಲಿಯ ದೊಡ್ಡ ಅಪಾಯ. ಅದಕ್ಕೆ ಮಗಳಿಗೆ ಒಂದು ಅಭ್ಯಾಸ ಮಾಡಿಸಿದ್ದೇನೆ: ತೆರೆದ ಗೇಟು ಕಂಡರೆ ನಿಂತು, ಹಿಂದಿನ ಬಿಳಿ ಲೈಟು ಹತ್ತಿದೆಯಾ ನೋಡು. ಇನ್ನೊಂದು, ಮುಖ್ಯ ರಸ್ತೆ ಜಾಮ್ ಆದರೆ ಬೈಕಿನವರೆಲ್ಲ ಇದೇ ಗಲ್ಲಿಗೆ ನುಗ್ಗುತ್ತಾರೆ, ಹಂಪ್ ಇದ್ದರೂ ಹಾರಿಸಿಕೊಂಡೇ. ಅದು ಶಾಲೆಯ ಹೊತ್ತಿಗೇ ಆಗಬೇಕೇ? ಕಾಲು ಗಂಟೆ ಬೇಗ ಹೊರಟರೆ ಅರ್ಧ ತಲೆನೋವು ಕಡಿಮೆ.

ಕಾರು ಸ್ವಲ್ಪ ದೂರ ನಿಲ್ಲಿಸಿ ನಡೆಯುವ ಉಪಾಯದ ಬಗ್ಗೆ ಹೇಳಲು ಹೆಚ್ಚಿಲ್ಲ. ಆಫೀಸಿಗೆ ಹೊತ್ತಾದ ದಿನ ಇದೇ ಗತಿ. ಗೇಟಿನ ಮುಂದಿನ ಗಲಾಟೆಗೆ ನಮ್ಮದೊಂದು ಕಾರು ಸೇರುವುದಿಲ್ಲ, ಅದೇ ಲಾಭ. ಬಾಗಿಲು ಬೀಸಿ ತೆಗೆಯುವವರು, ಎರಡನೇ ಸಾಲಿನಲ್ಲಿ ನಿಲ್ಲಿಸುವವರು, ಅಲ್ಲೇ ಯೂ ಟರ್ನ್ ಹೊಡೆಯುವವರು ಎಲ್ಲರೂ ನಮ್ಮಂಥ ಅಪ್ಪ ಅಮ್ಮಂದಿರೇ ಅಲ್ವಾ. ಇಟಲಿಯ ಬೊಲ್ಜಾನೊ ಊರಿನಲ್ಲಿ ಶಾಲೆ ಬಿಡುವ, ಸೇರುವ ಹೊತ್ತಿಗೆ ಎದುರಿನ ರಸ್ತೆಗೆ ಗಾಡಿ ಬಿಡದ ಪದ್ಧತಿ 1989ರಲ್ಲೇ ಶುರುವಾಯಿತು. ಅಂಥದ್ದಿದ್ದರೆ ಈ ಆಯ್ಕೆಗೂ ಬೆಲೆ ಬರುತ್ತದೆ. ಇಲ್ಲದಿದ್ದರೆ ನಡೆದದ್ದು ನಾಲ್ಕು ಹೆಜ್ಜೆ, ಅದೂ ಅತಿ ಕೆಟ್ಟ ನಾಲ್ಕು ಹೆಜ್ಜೆ. 5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷ ಚುರುಕಿನ ಓಡಾಟ ಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಗಲ್ಲಿ ದಾರಿಯಲ್ಲಿ ಹೋಗಿ ಬಂದರೆ ಅದರ ಅರ್ಧಕ್ಕಿಂತ ಜಾಸ್ತಿ ದಾರಿಯಲ್ಲೇ ಮುಗಿಯುತ್ತದೆ. ಕಾರಿನ ಉಪಾಯದಲ್ಲಿ ಬೆವರು ಕೂಡ ಬರುವುದಿಲ್ಲ.

ಹೀಗಾಗಿ ನಾವು ಗಲ್ಲಿಗೇ ಅಂಟಿಕೊಂಡೆವು. ಆಮೇಲೆ ಪಕ್ಕದ ಎರಡು ಮನೆಯ ಮಕ್ಕಳೂ ಸೇರಿದರು. ಜಪಾನಿನ ಎಷ್ಟೋ ಕಡೆ ಮಕ್ಕಳು ಗುಂಪಾಗಿ, ದೊಡ್ಡ ತರಗತಿಯವರ ಹಿಂದೆ ಚಿಕ್ಕವರು ಅಂತ ಸಾಲಾಗಿ ಶಾಲೆಗೆ ಹೋಗುವುದು ವಾಡಿಕೆ. ಆಸ್ಟ್ರೇಲಿಯಾದ ಡೇವಿಡ್ ಎಂಗ್ವಿಕ್ಟ್ ಇಂಥದ್ದನ್ನೇ ದೊಡ್ಡವರೊಬ್ಬರ ಜೊತೆಗೆ ನಡೆಯುವ ‘ವಾಕಿಂಗ್ ಬಸ್’ ಅಂತ 1990ರ ದಶಕದಲ್ಲಿ ಜನಪ್ರಿಯ ಮಾಡಿದರು. ನಮ್ಮದು ಅಷ್ಟು ಶಿಸ್ತಿನದಲ್ಲ. ಪಾಳಿಯ ಮೇಲೆ ಒಂದೊಂದು ಮನೆಯವರು ಕರೆದುಕೊಂಡು ಹೋಗುತ್ತೇವೆ. ಗುಂಪು ದೊಡ್ಡದಾಗಿದ್ದರೆ ಬೈಕಿನವರು ನಿಜವಾಗಿಯೂ ನಿಧಾನ ಮಾಡುತ್ತಾರೆ. ಶೂ ಲೇಸ್ ಹುಡುಕುವ ಒಂದು ಮನೆ ಮಾತ್ರ ಎಲ್ಲರನ್ನೂ ಕಾಯಿಸುತ್ತಿತ್ತು. ಎರಡು ನಿಮಿಷಕ್ಕಿಂತ ಹೆಚ್ಚು ಕಾಯುವುದಿಲ್ಲ ಅಂದ ಮೇಲೆ ಲೇಸ್ ಹಿಂದಿನ ರಾತ್ರಿಯೇ ಸಿಗತೊಡಗಿತು.

ಜೋರು ಮಳೆ ಬಂದರೆ ಲೆಕ್ಕ ಬೇರೆ. ಗಲ್ಲಿಯ ತಗ್ಗಿನಲ್ಲಿ ನೀರು ನಿಂತು ಗುಂಡಿ ಎಲ್ಲಿದೆ ಅಂತ ಕಾಣುವುದಿಲ್ಲ, ಆ ದಿನ ಮುಖ್ಯ ರಸ್ತೆಯೇ ಗಟ್ಟಿ. ಹಾಗೆ ಹೋಗುವಾಗ ಮಕ್ಕಳಿಗೆ ಕೊಡೆ ಕೊಡಬೇಡಿ, ರೇನ್‌ಕೋಟ್ ಹಾಕಿಸಿ. ಗಾಳಿಗೆ ಕೊಡೆ ಮುಂದಕ್ಕೆ ಬಾಗಿಸಿಕೊಂಡರೆ ಎದುರಿನ ಗಾಡಿ ಕಾಣುವುದಿಲ್ಲ. ಟೋಪಿಯೂ ಅಷ್ಟೇ, ಕಣ್ಣಿನ ಪಕ್ಕ ಮುಚ್ಚದಂಥದ್ದು ನೋಡಿ ತನ್ನಿ.