ಅರ್ಧ ಇಂಚಾ, ಮೂರು ಬೈ ಎಂಟಾ? ಟ್ರ್ಯಾಕ್ಟರ್ ಹೈಡ್ರಾಲಿಕ್ ಪೈಪುಗಳ ವಿಮರ್ಶೆ

ಟಿಪ್ಪಿಂಗ್ ಟ್ರೇಲರ್‌ಗೋ ಪಲ್ಟಿ ನೇಗಿಲಿಗೋ ಪೈಪು ಕೇಳಿದರೆ ಅಂಗಡಿಯವರು ಸಾಮಾನ್ಯವಾಗಿ ಮೂರು ಬಗೆ ಮುಂದಿಡುತ್ತಾರೆ: 3/8 ಇಂಚಿನ ಒಂದು ತಂತಿ, 3/8ರದೇ ಎರಡು ತಂತಿ, ಅರ್ಧ ಇಂಚಿನ ಎರಡು ತಂತಿ. ತಂತಿ ಅಂದರೆ ಒಳರಬ್ಬರಿನ ಸುತ್ತ ಹೆಣೆದ ಉಕ್ಕಿನ ಪದರ.

ಒಂದು ತಂತಿಯದು ಅಗ್ಗ, ಹಗುರ, ಸಲೀಸಾಗಿ ಬಾಗುತ್ತದೆ. ಆದರೂ ಈ ಕೆಲಸಕ್ಕೆ ಬೇಡ. 1ಎಸ್‌ಎನ್ ಎಂಬ ಒಂದು ತಂತಿಯ ದರ್ಜೆಯ 3/8 ಪೈಪು ದಿನನಿತ್ಯ ತಡೆಯಬಲ್ಲ ಒತ್ತಡ 180 ಬಾರ್. ಎಷ್ಟೋ ಟ್ರ್ಯಾಕ್ಟರ್‌ಗಳ ರಿಲೀಫ್ ವಾಲ್ವ್ (ಒತ್ತಡ ಮಿತಿಮೀರಿದರೆ ಎಣ್ಣೆಯನ್ನು ಟ್ಯಾಂಕಿಗೆ ಬಿಡುವ ಕವಾಟ) ತೆರೆಯುವುದೇ 180–200 ಬಾರ್ ಆಸುಪಾಸಿನಲ್ಲಿ. ತುಂಬಿದ ತೊಟ್ಟಿ ಇಳಿಯುವಾಗ ಲಿವರ್ ಥಟ್ಟನೆ ನಿಲ್ಲಿಸಿದರೆ ಬೀಳುವ ಏಟು ಬೇರೆ. 'ಒಡೆಯೋದು ಇದರ ನಾಲ್ಕು ಪಟ್ಟಿಗೆ' ಎಂಬ ಮಾತು ಸುಳ್ಳಲ್ಲ. ಆದರೆ ಆ ಅಂತರ ಇರುವುದು ಏಟಿಗೂ ಸವಕಳಿಗೂ, ದಿನದ ಬಳಕೆಗಲ್ಲ.

'ಹಾಗಾದರೆ ದಪ್ಪದ್ದೇ ಹಾಕಿ' ಎಂದು ಒಂದೇ ತಂತಿಯ ಅರ್ಧ ಇಂಚಿನ ಪೈಪು ಕೊಡುವವರಿದ್ದಾರೆ. ಅದು ಇನ್ನೂ ದುರ್ಬಲ, 160 ಬಾರ್ ಅಷ್ಟೇ. ಒಳವ್ಯಾಸ ಹಿಗ್ಗಿದಷ್ಟೂ ಗೋಡೆಯ ಮೇಲಿನ ಎಳೆತ ಹೆಚ್ಚುತ್ತದೆ. ಎರಡು ತಂತಿಯ 2ಎಸ್‌ಎನ್‌ನಲ್ಲಿ 3/8ಕ್ಕೆ 330 ಬಾರ್, ಅರ್ಧ ಇಂಚಿಗೆ 275. ಇವೆರಡರಲ್ಲಿ ಯಾವುದಾದರೂ ಒತ್ತಡದ ಚಿಂತೆಯಿಲ್ಲ. ಮೈಮೇಲೆ 2ಎಸ್‌ಎನ್ ಅಥವಾ ಅದರ ಅಮೆರಿಕನ್ ಸಾಟಿ ಆರ್2ಎಟಿ ಎಂಬ ಅಚ್ಚು, ಬಾರ್ ಲೆಕ್ಕ, ತಯಾರಾದ ವರ್ಷ ಕಾಣದಿದ್ದರೆ ಆ ಸುರುಳಿ ಮುಟ್ಟಬೇಡಿ. ಡ್ಯಾಶ್ 6, ಡ್ಯಾಶ್ 8 ಎಂದರೆ ಇಂಚಿನ ಹದಿನಾರನೇ ಭಾಗದ ಲೆಕ್ಕದಲ್ಲಿ ಒಳವ್ಯಾಸ. 8 ಅಂದರೆ ಅರ್ಧ ಇಂಚು.

ಒಳವ್ಯಾಸ ಗೊತ್ತುಮಾಡುವುದು ಪಂಪು. ನಿಮಿಷಕ್ಕೆ ಬರುವ ಲೀಟರನ್ನು 21.2ರಿಂದ ಗುಣಿಸಿ, ಮಿಲಿಮೀಟರ್ ಒಳವ್ಯಾಸದ ವರ್ಗದಿಂದ ಭಾಗಿಸಿ. ಸೆಕೆಂಡಿಗೆ ಎಷ್ಟು ಮೀಟರ್ ವೇಗ ಎಂಬುದು ಸಿಗುತ್ತದೆ. ಒತ್ತಡದ ಪೈಪಿಗೆ 6ರೊಳಗೆ, ಟ್ಯಾಂಕಿಗೆ ಮರಳುವ ಪೈಪಿಗೆ 3ರೊಳಗೆ ಇರಲಿ. 25 ಲೀಟರ್ ಬಂದರೆ 3/8ರಲ್ಲಿ (9.5 ಮಿ.ಮೀ.) 5.9, ಸರಿ. 40 ಲೀಟರಿಗೆ ಅದೇ ಪೈಪಿನಲ್ಲಿ 9.4 ಆಗಿ ಎಣ್ಣೆ ಕಾಯುತ್ತದೆ, ಅರ್ಧ ಇಂಚಿನಲ್ಲಿ (12.7 ಮಿ.ಮೀ.) 5.3ಕ್ಕೆ ಇಳಿಯುತ್ತದೆ.

ಹಾಗಾಗಿ ಪಲ್ಟಿ ನೇಗಿಲಿಗೆ ಎರಡು ತಂತಿಯ 3/8 ಧಾರಾಳ ಸಾಕು. ಆ ಸಿಲಿಂಡರ್ ಕುಡಿಯುವ ಎಣ್ಣೆಯೇ ಕಡಿಮೆ. ಟ್ರೇಲರ್‌ಗೆ ಅರ್ಧ ಇಂಚು. ಅಲ್ಲಿ ಜಾಕ್ ಇಳಿಯುವುದು ತೊಟ್ಟಿಯ ಭಾರದಿಂದ, ಎಣ್ಣೆ ಹಿಂದಿರುಗುವುದು ಅದೇ ಒಂದು ಪೈಪಿನಲ್ಲಿ. ಸಣ್ಣ ಪೈಪು ಹಾಕಿದರೆ ಖಾಲಿ ತೊಟ್ಟಿ ಇಳಿಯಲು ಕಾಯುತ್ತ ನಿಲ್ಲಬೇಕು. ಅರ್ಧ ಇಂಚಿನದಕ್ಕೆ ಐದರಲ್ಲಿ ನಾಲ್ಕು ಅಂಕ. ಒಂದು ಕಳೆದದ್ದು ಅದರ ಬಿಗಿತಕ್ಕೆ: 180 ಮಿ.ಮೀ. ತ್ರಿಜ್ಯಕ್ಕಿಂತ ಬಿಗಿಯಾಗಿ ಬಾಗಿಸುವಂತಿಲ್ಲ (3/8ಕ್ಕೆ 130), ಇಕ್ಕಟ್ಟಿನ ಜಾಗದಲ್ಲಿ ಕಾಟ.

ಉದ್ದದಲ್ಲಿ ಜಿಪುಣತನ ಬೇಡ. ಒತ್ತಡ ಬಂದಾಗ ಪೈಪು ಶೇ. 4ರವರೆಗೆ ಕುಗ್ಗಬಹುದು; 3 ಮೀಟರಿಗೆ 12 ಸೆಂ.ಮೀ. ಟ್ರ್ಯಾಕ್ಟರನ್ನು ಎರಡೂ ಕಡೆ ಪೂರ್ತಿ ತಿರುಗಿಸಿ ನಿಲ್ಲಿಸಿಯೇ ಅಳೆಯಿರಿ. ಬಾಗು ಫೆರೂಲ್ (ಪೈಪಿನ ತುದಿಗೆ ಹಾಕಿ ಒತ್ತುವ ಲೋಹದ ಕೊಳವೆ) ಬಾಯಿಯಿಂದಲೇ ಶುರುವಾದರೆ ಮೊದಲು ಸೀಳುವುದು ಅಲ್ಲೇ.

ಹೆಚ್ಚಿನ ಎಡವಟ್ಟು ಆಗುವುದು ನಟ್ಟಿನಲ್ಲಿ. ಅರ್ಧ ಇಂಚಿನ ಬಿಎಸ್‌ಪಿ (ಬ್ರಿಟಿಷ್ ಮಾದರಿ ಎಳೆ) ಗಂಡು ಥ್ರೆಡ್ಡಿನ ಹೊರವ್ಯಾಸ ಸುಮಾರು 21 ಮಿ.ಮೀ., 3/8ರದು 16.7. ವರ್ನಿಯರ್‌ನಲ್ಲಿ 21 ಕಂಡು ಮುಕ್ಕಾಲು ಇಂಚು ಎಂದುಕೊಳ್ಳುವವರಿದ್ದಾರೆ. ಅರ್ಧ ಇಂಚಿನ ಎನ್‌ಪಿಟಿಗೂ (ಅಮೆರಿಕದ ಮಾದರಿ) ಇಂಚಿಗೆ 14 ಎಳೆ, ಬಿಎಸ್‌ಪಿಗೂ 14. ಮೊದಲು ಕೂತಂತೆ ಕಂಡು ಆಮೇಲೆ ಬಿಗಿಯುತ್ತದೆ. ಎಳೆಯ ಕೋನ ಬೇರೆ, ಟೇಪ್ ಸುತ್ತಿದರೂ ಜಿನುಗುವುದು ನಿಲ್ಲದು. ಹಳೆಯ ಪೈಪನ್ನು ಎರಡೂ ತುದಿ ಸಮೇತ ಅಂಗಡಿಗೆ ಒಯ್ಯುವುದೇ ಸುಲಭ.

ಕ್ರಿಂಪ್ ಮಾಡಿಸುವಾಗ, ಅಂದರೆ ಫೆರೂಲನ್ನು ಪೈಪಿಗೆ ಒತ್ತಿಸುವಾಗ, ಮೆಷಿನ್ ಪಕ್ಕದಲ್ಲೇ ನಿಲ್ಲಿ. ಕಟಿಂಗ್ ವೀಲ್‌ನಲ್ಲಿ ಕತ್ತರಿಸಿದ ಮೇಲೆ ರಬ್ಬರ್ ಪುಡಿ, ತಂತಿಚೂರು ಒಳಗೆ ಉಳಿಯುತ್ತದೆ. ಗಾಳಿ ಹಾಯಿಸದೆ ಒತ್ತಿದರೆ ಅದು ನೇರ ವಾಲ್ವ್‌ಗೆ ಹೋಗುತ್ತದೆ. ಪೈಪು ಫೆರೂಲಿನ ತಳ ಮುಟ್ಟುವವರೆಗೆ ಹೋಗಿರಬೇಕು. ಇಲ್ಲದಿದ್ದರೆ ಭಾರ ಎತ್ತುವಾಗ ಕಿತ್ತು ಬರುತ್ತದೆ. ಒತ್ತಿದ ವ್ಯಾಸವನ್ನು ಚಾರ್ಟಿಗೆ ಹೋಲಿಸಿ ನೋಡದ ಅಂಗಡಿಯಲ್ಲಿ ಎಂಥ ಒಳ್ಳೆಯ ಪೈಪೂ ದಂಡ.

ಹೊಸ ಪೈಪು ಜಿನುಗುತ್ತದೆಯೇ ಎಂದು ಕೈ ಸವರಿ ನೋಡಬೇಡಿ, ರಟ್ಟಿನ ತುಂಡು ಹಿಡಿಯಿರಿ. ಸೂಜಿಮೊನೆಯಷ್ಟು ತೂತಿನಿಂದ ಚಿಮ್ಮುವ ಎಣ್ಣೆ ಚರ್ಮ ತೂರಿ ಒಳಗಿಳಿಯುತ್ತದೆ. ಗಾಯ ಚಿಕ್ಕದಾಗಿ ಕಂಡರೂ ಆಗಿಂದಾಗಲೇ ಆಸ್ಪತ್ರೆಗೆ ಹೋಗಬೇಕು.