ರ‍್ಯಾಮ್ ಹಾಕಿದ ಮೇಲೆ ರೀಸ್ಟಾರ್ಟ್ ಕಾಟ: ಮೆಮ್‌ಟೆಸ್ಟ್86+ ಅನ್ನು ಎಷ್ಟು ನಂಬಬಹುದು?

ಮನೆಯವರು, ಗೆಳೆಯರು, ಸಹೋದ್ಯೋಗಿಗಳು ಇವರೆಲ್ಲರ ಕಂಪ್ಯೂಟರುಗಳಿಗೆ ರ‍್ಯಾಮ್ ಹಾಕಿಕೊಡುವ ಕೆಲಸ ಹಲವು ವರ್ಷಗಳಿಂದ ನನ್ನ ಪಾಲಿಗೆ ಬರುತ್ತಲೇ ಇದೆ. ಮೆಮ್‌ಟೆಸ್ಟ್86+ ಓಡಿಸಿ ನೋಡದೆ ಯಾರ ಯಂತ್ರವನ್ನೂ ವಾಪಸ್ ಕೊಡುವುದಿಲ್ಲ. ಇಷ್ಟು ಕಾಲದ ಬಳಕೆಯಿಂದ ನನಗೆ ಖಚಿತವಾದ ಮಾತು ಒಂದೇ: ಈ ತಂತ್ರಾಂಶ ಕೆಂಪು ಸಾಲು ತೋರಿಸಿದರೆ ಮೆಮೊರಿಯಲ್ಲಿ ತೊಂದರೆ ಇದೆ ಎಂದು ಧೈರ್ಯವಾಗಿ ನಂಬಬಹುದು, ಹಸಿರು ‘ಪಾಸ್’ ಬಂದಾಗ ಮಾತ್ರ ಅಷ್ಟು ಬೇಗ ನಿರಾಳವಾಗಬಾರದು.

ಪರಿಚಯವಿಲ್ಲದವರಿಗೆ ಎರಡು ಮಾತು. ಇದು ಮೆಮೊರಿ ಪರೀಕ್ಷಿಸುವ ಉಚಿತ, ಮುಕ್ತ ತಂತ್ರಾಂಶ. ಪೆನ್‌ಡ್ರೈವ್‌ನಿಂದ ನೇರವಾಗಿ ಬೂಟ್ ಆಗುತ್ತದೆ, ವಿಂಡೋಸ್ ಬೇಕಿಲ್ಲ. ಅದೇ ಇದರ ದೊಡ್ಡ ಬಲ. ವಿಂಡೋಸ್ ಒಳಗೆ ಓಡುವ ಪರೀಕ್ಷೆಗಳಿಗೆ ವಿಂಡೋಸ್ ತಾನು ಹಿಡಿದುಕೊಂಡಿರುವ ಮೆಮೊರಿಯನ್ನು ಮುಟ್ಟಲು ಆಗುವುದಿಲ್ಲ. ಇದು ಹೆಚ್ಚುಕಡಿಮೆ ಇಡೀ ಮೆಮೊರಿಯನ್ನು ಬರೆದು, ಓದಿ, ತಾಳೆ ನೋಡುತ್ತದೆ. 2022ರಲ್ಲಿ ಬಂದ 6ನೇ ಆವೃತ್ತಿಯಿಂದ ಯುಇಎಫ್‌ಐ ಎಂಬ ಹೊಸ ಬಗೆಯ ಬೂಟ್ ವ್ಯವಸ್ಥೆ ಇರುವ ಯಂತ್ರಗಳಲ್ಲೂ ನಡೆಯುತ್ತದೆ. ಹೆಸರಿನ ಕೊನೆಯಲ್ಲಿ ಪ್ಲಸ್ ಇಲ್ಲದ ಮೆಮ್‌ಟೆಸ್ಟ್86 ಬೇರೆಯದೇ ಉತ್ಪನ್ನ. ಡೌನ್‌ಲೋಡ್ ಮಾಡುವಾಗ ನೋಡಿಕೊಳ್ಳಿ.

ಹೊಸ ರ‍್ಯಾಮ್ ಹಾಕಿದ ಮೇಲೆ ಯಂತ್ರ ತಾನಾಗಿಯೇ ರೀಸ್ಟಾರ್ಟ್ ಆಗುತ್ತಿದ್ದರೆ, ಪೆನ್‌ಡ್ರೈವ್ ಚುಚ್ಚುವ ಮುಂಚೆಯೇ ವಿಂಡೋಸ್‌ನಿಂದ ಕೇಳಿ ತಿಳಿಯಬೇಕಾದದ್ದು ಸ್ವಲ್ಪ ಇದೆ. ಸಿಸ್ಟಂ ಪ್ರಾಪರ್ಟೀಸ್‌ನ ಅಡ್ವಾನ್ಸ್‌ಡ್ ಪುಟದಲ್ಲಿ, ಸ್ಟಾರ್ಟಪ್ ಅಂಡ್ ರಿಕವರಿ ಒಳಗೆ ‘ಆಟೊಮ್ಯಾಟಿಕಲಿ ರೀಸ್ಟಾರ್ಟ್’ ಎಂಬಲ್ಲಿ ಟಿಕ್ ತೆಗೆಯಿರಿ. ಆಗ ನೀಲಿ ಪರದೆ ಮಿಂಚಿ ಮಾಯವಾಗದೆ ನಿಂತುಕೊಳ್ಳುತ್ತದೆ, ಅದರ ಮೇಲಿನ ಕೋಡ್ ಓದಬಹುದು. ‘ಮೆಮೊರಿ ಮ್ಯಾನೇಜ್‌ಮೆಂಟ್’ ಅಥವಾ ‘ಪೇಜ್ ಫಾಲ್ಟ್ ಇನ್ ನಾನ್‌ಪೇಜ್ಡ್ ಏರಿಯಾ’ ಎಂದಿದ್ದರೆ, ಅದರಲ್ಲೂ ಪ್ರತಿಸಲ ಬೇರೆ ಬೇರೆ ಕೋಡ್ ಬರುತ್ತಿದ್ದರೆ, ರ‍್ಯಾಮ್ ಮೇಲೆ ಅನುಮಾನ ಪಡಲು ಕಾರಣವಿದೆ. ನೀಲಿ ಪರದೆಯೇ ಬಾರದೆ ತಟ್ಟನೆ ಆರಿ ಹೊತ್ತಿಕೊಂಡರೆ ಈವೆಂಟ್ ವ್ಯೂವರ್‌ನಲ್ಲಿ ಕರ್ನಲ್-ಪವರ್ 41 ಎಂಬ ದಾಖಲೆ ಸಿಗುತ್ತದೆ. ಅನೇಕರು ಅದನ್ನೇ ಕಾರಣ ಎಂದುಕೊಳ್ಳುತ್ತಾರೆ. ‘ಸರಿಯಾಗಿ ಶಟ್‌ಡೌನ್ ಆಗಲಿಲ್ಲ’ ಎಂದಷ್ಟೇ ಅದು ಹೇಳುತ್ತಿರುವುದು. ಅದರ ವಿವರದಲ್ಲಿ ಬಗ್‌ಚೆಕ್‌ಕೋಡ್ (ನೀಲಿ ಪರದೆಯ ಕೋಡ್) ಸೊನ್ನೆ ಇದ್ದರೆ ಪವರ್ ಸಪ್ಲೈ ಕಡೆಗೂ ಒಮ್ಮೆ ನೋಡಿ. ರ‍್ಯಾಮ್ ಹಾಕುವಾಗ ಕೈ ತಾಗಿ ಸಡಿಲವಾದ ಪವರ್ ಕೇಬಲ್ಲೂ ಇದೇ ಆಟ ಆಡಿಸುತ್ತದೆ.

ಇನ್ನು ಬಯಾಸ್, ಅಂದರೆ ವಿಂಡೋಸ್‌ಗೂ ಮುಂಚೆ ಏಳುವ, ಬೋರ್ಡಿನ ಸೆಟ್ಟಿಂಗ್‌ಗಳಿರುವ ತಂತ್ರಾಂಶ. ನನ್ನ ಅನುಭವದಲ್ಲಿ ‘ಕೆಟ್ಟ ರ‍್ಯಾಮ್’ ಎಂದು ನನ್ನ ಮುಂದೆ ಬಂದವುಗಳಲ್ಲಿ ಹೆಚ್ಚಿನವು ಕೆಟ್ಟಿರಲಿಲ್ಲ, ತಾಳಲಾರದ ವೇಗದಲ್ಲಿ ಓಡುತ್ತಿದ್ದವು. ಡಿಡಿಆರ್4 ಪೀಳಿಗೆಯ ಮೆಮೊರಿಯ ನಿಗದಿತ ವೋಲ್ಟೇಜ್ 1.2. ಡಬ್ಬಿಯ ಮೇಲೆ 3600 ಎಂದು ದೊಡ್ಡದಾಗಿ ಅಚ್ಚಾಗಿರುವ ರ‍್ಯಾಮ್ ಪಟ್ಟಿಗಳು (ಸ್ಟಿಕ್‌ಗಳು) ಆ ವೇಗ ಮುಟ್ಟುವುದು ಬಯಾಸ್‌ನಲ್ಲಿ ಎಕ್ಸ್‌ಎಂಪಿ ಎಂಬ ಹೆಚ್ಚು ವೇಗದ ಸೆಟ್ಟಿಂಗ್ ಆನ್ ಮಾಡಿದಾಗ ಮಾತ್ರ, ಅದೂ ಸಾಮಾನ್ಯವಾಗಿ 1.35 ವೋಲ್ಟ್‌ನಲ್ಲಿ. ಅಂದರೆ ಅದು ಓವರ್‌ಕ್ಲಾಕ್, ನಿಗದಿಗಿಂತ ಹೆಚ್ಚು ವೇಗದ ಓಟ. ಪ್ರೊಸೆಸರ್ ಒಳಗಿನ ಮೆಮೊರಿ ಕಂಟ್ರೋಲರ್ ಅದಕ್ಕೆ ಒಗ್ಗಿಕೊಂಡೇ ಕೊಳ್ಳುತ್ತದೆ ಎಂಬ ಖಾತ್ರಿ ಇಲ್ಲ. ಎರಡಿದ್ದ ಕಡೆ ನಾಲ್ಕು ಪಟ್ಟಿ ಹಾಕಿದರೆ ಹೊರೆ ಇನ್ನೂ ಹೆಚ್ಚು. ಎಷ್ಟು ಹೆಚ್ಚು ಎನ್ನುವುದಕ್ಕೆ ಎಎಂಡಿಯ ರೈಜೆನ್ 7000 ಸರಣಿಯ ಅಧಿಕೃತ ಅಂಕಿಗಳನ್ನೇ ನೋಡಿ: ಎರಡು ಡಿಡಿಆರ್5 ಪಟ್ಟಿಗಳಿಗೆ 5200, ನಾಲ್ಕಕ್ಕೆ 3600. ಹಳೆಯ ಜೋಡಿಯ ಪಕ್ಕದಲ್ಲಿ ಬೇರೆ ಕಂಪನಿಯ ಹೊಸ ಜೋಡಿ ಹಾಕಿ, ಎಕ್ಸ್‌ಎಂಪಿ ಆನ್ ಇಟ್ಟುಕೊಂಡು, ‘ಹೊಸ ರ‍್ಯಾಮ್ ಸರಿಯಿಲ್ಲ’ ಎನ್ನುವುದು ಆ ರ‍್ಯಾಮಿಗೆ ಮಾಡುವ ಅನ್ಯಾಯ. ಮೊದಲು ಬಯಾಸ್ ಅನ್ನು ಡೀಫಾಲ್ಟಿಗೆ ತನ್ನಿ, ಎಕ್ಸ್‌ಎಂಪಿ ಅಥವಾ ಎಕ್ಸ್‌ಪೋ (ಎಎಂಡಿಯ ಇದೇ ಬಗೆಯ ಸೆಟ್ಟಿಂಗ್) ಆಫ್ ಮಾಡಿ, ಆಮೇಲೆ ಪರೀಕ್ಷಿಸಿ.

ಡೀಫಾಲ್ಟ್ ವೇಗದಲ್ಲೂ ಕೆಂಪು ಸಾಲು ಬಂದರೆ ಒಂದೊಂದೇ ಪಟ್ಟಿ ಇಟ್ಟು ನೋಡಬೇಕು. ನಾಲ್ಕು ಸ್ಲಾಟ್‌ಗಳ ಬೋರ್ಡಿನಲ್ಲಿ ಒಂಟಿ ಪಟ್ಟಿಗೆ ಸಾಮಾನ್ಯವಾಗಿ ಪ್ರೊಸೆಸರ್‌ನಿಂದ ಎರಡನೆಯ ಸ್ಲಾಟ್; ಬೋರ್ಡಿನ ಕೈಪಿಡಿ ನೋಡಿ ಖಚಿತಪಡಿಸಿಕೊಳ್ಳಿ. ದೋಷ ಪಟ್ಟಿಯ ಹಿಂದೆ ಹೋದರೆ ಪಟ್ಟಿಯದು ತಪ್ಪು. ಯಾವ ಪಟ್ಟಿ ಹಾಕಿದರೂ ಅದೇ ಸ್ಲಾಟಿನಲ್ಲಿ ದೋಷ ಬಂದರೆ ಸ್ಲಾಟ್, ಬೋರ್ಡು ಅಥವಾ ಪ್ರೊಸೆಸರ್ ಕೂತಿರುವ ಸಾಕೆಟ್ ನೋಡಬೇಕು. ಪರದೆಯಲ್ಲಿ ಕಾಣುವ ದೋಷದ ವಿಳಾಸ ಹಿಡಿದು ಯಾವ ಪಟ್ಟಿ ಎಂದು ಹೇಳಹೊರಡಬೇಡಿ. ಎರಡು ಪಟ್ಟಿ ಒಟ್ಟಿಗೆ ದುಡಿಯುವ ಡ್ಯುಯಲ್ ಚಾನೆಲ್‌ನಲ್ಲಿ ವಿಳಾಸಗಳು ಎರಡೂ ಪಟ್ಟಿಗಳಿಗೆ ಹಂಚಿಹೋಗಿರುತ್ತವೆ.

ಹಸಿರು ‘ಪಾಸ್’ ಬಗ್ಗೆ ಹೇಳಲೇಬೇಕು. ಮೊದಲ ಸುತ್ತು ಮುಗಿದೊಡನೆ ದೊಡ್ಡ ಅಕ್ಷರದಲ್ಲಿ ಅದು ಮೂಡುತ್ತದೆ. ಆದರೆ ಮೊದಲ ಸುತ್ತು ಹಗುರವಾದದ್ದು. ಮುಂದಿನ ಸುತ್ತುಗಳು ಇನ್ನೂ ಹೆಚ್ಚು ತಿಕ್ಕಿ ನೋಡುತ್ತವೆ. ರಾತ್ರಿ ಶುರುಮಾಡಿ ಬೆಳಗಿನವರೆಗೆ ಬಿಡುವುದು ನನ್ನ ರೂಢಿ. ಅದನ್ನೂ ದಾಟಿ ಬಂದ ಒಂದು ಯಂತ್ರ ನನ್ನನ್ನು ಬಹಳ ಕಾಡಿತು. ಸ್ವಿಚ್ ಒತ್ತಿ ಆನ್ ಮಾಡಿದರೆ ಸರಿಯಾಗಿ ಏಳುತ್ತಿತ್ತು, ಇಡೀ ರಾತ್ರಿ ಪರೀಕ್ಷೆಯಲ್ಲಿ ಒಂದು ದೋಷವೂ ಇಲ್ಲ. ವಿಂಡೋಸ್‌ನಲ್ಲಿ ರೀಸ್ಟಾರ್ಟ್ ಕೊಟ್ಟರೆ ಮಾತ್ರ ಕಪ್ಪು ಪರದೆ, ಅಥವಾ ಎದ್ದು ಸ್ವಲ್ಪ ಹೊತ್ತಿಗೆ ಮತ್ತೆ ಬೀಳುವುದು.

ಕೊನೆಗೆ ಹೊಳೆದದ್ದು ಮೆಮೊರಿ ಟ್ರೇನಿಂಗ್. ಕಂಪ್ಯೂಟರ್ ಆನ್ ಆಗುವಾಗ ಪ್ರೊಸೆಸರಿಗೂ ರ‍್ಯಾಮಿಗೂ ನಡುವಿನ ಸಂಕೇತಗಳ ಕಾಲಮಾಪನವನ್ನು ಬೋರ್ಡು ಹೊಂದಿಸಿಕೊಳ್ಳುತ್ತದೆ. ಬೇಗ ಬೂಟ್ ಆಗಲೆಂದು ಕೆಲವು ಬೋರ್ಡುಗಳು ಈ ಕೆಲಸ ಬಿಟ್ಟು ಹಿಂದಿನ ಸಲ ಉಳಿಸಿಟ್ಟ ಲೆಕ್ಕವನ್ನೇ ಬಳಸುತ್ತವೆ. ಆ ಯಂತ್ರದಲ್ಲಿ ‘ಮೆಮೊರಿ ಕಾಂಟೆಕ್ಸ್ಟ್ ರೀಸ್ಟೋರ್’ ಎಂಬುದನ್ನು ಆಫ್ ಮಾಡಿ ಬಯಾಸ್ ಅಪ್‌ಡೇಟ್ ಮಾಡಿದ ಮೇಲೆ ಕಾಟ ನಿಂತಿತು. ಬೂಟ್ ಆಗಲು ಈಗ ತುಸು ಹೆಚ್ಚು ಹೊತ್ತು ಬೇಕು, ಅಷ್ಟೇ. ಅಂದಿನಿಂದ ನಾನು ಪರೀಕ್ಷೆಯನ್ನು ಎರಡು ರೀತಿಯಲ್ಲಿ ಮಾಡುತ್ತೇನೆ: ತಣ್ಣಗಿದ್ದ ಯಂತ್ರವನ್ನು ಆನ್ ಮಾಡಿ ಒಮ್ಮೆ, ವಿಂಡೋಸ್‌ನಲ್ಲಿ ಭಾರದ ಕೆಲಸ ಮಾಡಿಸಿ ಬಿಸಿಯಾದ ಮೇಲೆ ರೀಸ್ಟಾರ್ಟ್ ಕೊಟ್ಟು ಇನ್ನೊಮ್ಮೆ. ವಿಂಡೋಸ್‌ನಲ್ಲಿ ಫಾಸ್ಟ್ ಸ್ಟಾರ್ಟಪ್ ಆನ್ ಇದ್ದಾಗ ‘ಶಟ್‌ಡೌನ್’ ಪೂರ್ತಿ ಶಟ್‌ಡೌನ್ ಅಲ್ಲ ಎಂಬುದೂ ನೆನಪಿರಲಿ. ಪತ್ತೆ ಕೆಲಸ ಮುಗಿಯುವವರೆಗೆ ಅದನ್ನು ಆಫ್ ಇಡುವುದು ಒಳ್ಳೆಯದು.

ಡಿಡಿಆರ್5 ಪಟ್ಟಿ ಹಾಕಿ ಮೊದಲ ಸಲ ಆನ್ ಮಾಡಿದಾಗ ಪರದೆ ಕೆಲವು ನಿಮಿಷ ಕಪ್ಪಾಗಿಯೇ ಇರಬಹುದು. ಅದೂ ಟ್ರೇನಿಂಗೇ. ಗಾಬರಿಯಾಗಿ ಪವರ್ ಬಟನ್ ಒತ್ತಬೇಡಿ.

ಮೆಮ್‌ಟೆಸ್ಟ್86+ಗೆ ಮಿತಿಗಳಿವೆ. ಅದು ಗ್ರಾಫಿಕ್ಸ್ ಕಾರ್ಡನ್ನು ದುಡಿಸುವುದಿಲ್ಲ. ಹಾಗಾಗಿ ಆಟ ಆಡುವಾಗಷ್ಟೇ ಬೀಳುವ ಯಂತ್ರದಲ್ಲಿ, ಪವರ್ ಸಪ್ಲೈ ಸೋಲುತ್ತಿದ್ದರೆ, ಇದರಿಂದ ಏನೂ ತಿಳಿಯುವುದಿಲ್ಲ. ಡಿಡಿಆರ್5 ಚಿಪ್‌ಗಳು ಒಂದು ಬಿಟ್ ತಪ್ಪಾದರೆ ಒಳಗೊಳಗೇ ತಿದ್ದಿಕೊಳ್ಳುವುದರಿಂದ ದುರ್ಬಲ ಪಟ್ಟಿಯೂ ಪಾಸಾಗುವ ಸಾಧ್ಯತೆ ಇದೆ. ಮೆಮೊರಿ ಹೆಚ್ಚಿದಷ್ಟೂ ಸಮಯ ಹಿಡಿಯುತ್ತದೆ. 64 ಜಿಬಿ ಇದ್ದರೆ ತಾಳ್ಮೆ ಬೇಕು. ಸೆಕ್ಯೂರ್ ಬೂಟ್ (ನಂಬಿಕೆಯ ಸಹಿ ಇಲ್ಲದ ತಂತ್ರಾಂಶ ಬೂಟ್ ಆಗದಂತೆ ತಡೆಯುವ ಸೆಟ್ಟಿಂಗ್) ಆನ್ ಇದ್ದು ಪೆನ್‌ಡ್ರೈವ್ ಬೂಟ್ ಆಗದಿದ್ದರೆ ಅದನ್ನು ತಾತ್ಕಾಲಿಕವಾಗಿ ಆಫ್ ಮಾಡಬೇಕಾಗುತ್ತದೆ. ಹಾಗೆ ಮಾಡುವ ಮುನ್ನ ಬಿಟ್‌ಲಾಕರ್‌ನ (ಡಿಸ್ಕಿಗೆ ಬೀಗ ಹಾಕುವ ವಿಂಡೋಸ್ ಸೌಲಭ್ಯ) 48 ಅಂಕಿಗಳ ರಿಕವರಿ ಕೀ ನಿಮ್ಮ ಬಳಿ ಇದೆಯೇ ನೋಡಿಕೊಳ್ಳಿ. ಇಲ್ಲದಿದ್ದರೆ ರ‍್ಯಾಮ್ ರಿಪೇರಿ ಹೋಗಿ ಫೈಲುಗಳಿಗೇ ಕುತ್ತು ಬರುತ್ತದೆ.

ಇಷ್ಟಿದ್ದರೂ ನಾನು ಇದಕ್ಕೆ ಐದಕ್ಕೆ ನಾಲ್ಕೂವರೆ ಕೊಡುತ್ತೇನೆ. ವಿಂಡೋಸ್ ಜೊತೆಗೇ ಬರುವ ಮೆಮೊರಿ ಡಯಾಗ್ನಾಸ್ಟಿಕ್ ‘ತೊಂದರೆ ಇಲ್ಲ’ ಎಂದ ಪಟ್ಟಿಗಳಲ್ಲಿ ಇದು ದೋಷ ಹಿಡಿದದ್ದನ್ನು ನೋಡಿದ್ದೇನೆ, ತಿರುಗುಮುರುಗಾಗಿ ನೋಡಿಲ್ಲ. ಡೀಫಾಲ್ಟ್ ಸೆಟ್ಟಿಂಗ್‌ನಲ್ಲಿ ಕೆಂಪು ಸಾಲು ಕಂಡರೆ ಪರದೆಯ ಫೋಟೊ ತೆಗೆದಿಟ್ಟುಕೊಳ್ಳಿ, ವಾರಂಟಿ ಕೇಳುವಾಗ ಅದೇ ಸಾಕ್ಷಿ. ಜೋಡಿಯಾಗಿ ಕೊಂಡಿದ್ದರೆ, ಒಂದೇ ಪಟ್ಟಿ ಕೆಟ್ಟಿದ್ದರೂ ಎರಡನ್ನೂ ಕಳಿಸಿ ಹೊಸ ಜೋಡಿಯನ್ನೇ ಕೇಳಿ.